ಆ್ಯಂಟಿಬಯಾಟಿಕ್ ಕೋರ್ಸ್ ಮತ್ತು ಕರುಳಿನ ಬ್ಯಾಕ್ಟೀರಿಯಾ: ಮೊದಲ ಮಾತ್ರೆಯಿಂದ ಮೂರು ತಿಂಗಳವರೆಗೆ ಏನು ಮಾಡಬೇಕು

ಮೂತ್ರದ ಸೋಂಕಿಗೆಂದು ನುಂಗಿದ ಆ್ಯಂಟಿಬಯಾಟಿಕ್ ಮಾತ್ರೆ ಮೂತ್ರಕೋಶಕ್ಕೆ ಮಾತ್ರ ಹೋಗುವುದಿಲ್ಲ. ಹೊಟ್ಟೆಯಲ್ಲಿ ಕರಗಿ ರಕ್ತ ಸೇರುತ್ತದೆ. ರಕ್ತಕ್ಕೆ ಸೇರದ ಪಾಲು ಕರುಳಿನಲ್ಲೇ ಉಳಿಯುತ್ತದೆ, ಸೇರಿದ್ದರಲ್ಲೂ ಒಂದಷ್ಟು ಹಲವು ಔಷಧಗಳಲ್ಲಿ ಪಿತ್ತರಸದ ಜೊತೆ ಮರಳಿ ಕರುಳಿಗೇ ಬರುತ್ತದೆ. ರೋಗ ತಂದ ಬ್ಯಾಕ್ಟೀರಿಯಾ ಯಾವುದು, ನಮ್ಮ ಪರವಾಗಿ ದುಡಿಯುವುದು ಯಾವುದು ಎಂಬ ವ್ಯತ್ಯಾಸ ಔಷಧಕ್ಕೆ ಗೊತ್ತಿಲ್ಲ. ಕೋರ್ಸ್ ಶುರುವಾದ ಎರಡು ಮೂರು ದಿನಕ್ಕೆ ಹೊಟ್ಟೆ ಕೆಡುವುದು ಬಹುಮಟ್ಟಿಗೆ ಇದರಿಂದಲೇ.

ಆ್ಯಂಟಿಬಯಾಟಿಕ್ ಬೇಡವೇ ಬೇಡ ಎನ್ನುವ ಲೇಖನ ಇದಲ್ಲ. ನ್ಯುಮೋನಿಯಾ, ಟೈಫಾಯ್ಡ್, ಮೂತ್ರಪಿಂಡದ ಸೋಂಕಿನಲ್ಲಿ ಅದು ಜೀವ ಉಳಿಸುವ ಔಷಧ. ಬೇಕಾದಾಗ ಸರಿಯಾಗಿ ತೆಗೆದುಕೊಳ್ಳುವುದು, ಆ ದಿನಗಳಲ್ಲಿ ಕರುಳಿಗೆ ಆಗುವ ಪೆಟ್ಟನ್ನು ಕಡಿಮೆ ಮಾಡುವುದು, ಮುಗಿದ ಮೇಲೆ ಹೋದ ಬ್ಯಾಕ್ಟೀರಿಯಾ ಮರಳಲು ದಾರಿ ಮಾಡಿಕೊಡುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಒಳಗೆ ಯಾರಿದ್ದಾರೆ, ಏನು ಮಾಡುತ್ತಾರೆ

ದೇಹದಲ್ಲಿ ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇವೆ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ಅದು ತಪ್ಪು ಲೆಕ್ಕ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಮತ್ತೆ ಎಣಿಕೆ ಹಾಕಿದರು. 70 ಕಿಲೋ ತೂಕದ ಗಂಡಸಿನಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕೋಶಗಳು, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ; ಅಂದರೆ ಹೆಚ್ಚುಕಡಿಮೆ ಸಮ ಸಮ. ಅಷ್ಟೂ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಜಠರದ ಆಮ್ಲದಲ್ಲಿ ಬದುಕುವವು ತೀರಾ ಕಡಿಮೆ, ಸಣ್ಣ ಕರುಳಿನಲ್ಲಿ ಕೆಳಗಿಳಿದಂತೆ ಸಂಖ್ಯೆ ಏರುತ್ತದೆ.

ಇವು ಮಾಡುವ ಕೆಲಸಗಳಲ್ಲಿ ಮೂರನ್ನು ತಿಳಿದುಕೊಂಡರೆ ಮುಂದಿನ ಸಲಹೆಗಳ ಕಾರಣ ತಾನಾಗಿ ಅರ್ಥವಾಗುತ್ತದೆ.

ಮೊದಲನೆಯದು, ನಮಗೆ ಜೀರ್ಣವಾಗದ ನಾರನ್ನು ಇವು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಶಕ್ತಿ ಸಿಗುವುದು ಬಹುತೇಕ ಬ್ಯುಟಿರೇಟ್‌ನಿಂದಲೇ. ಈ ಆಮ್ಲಗಳು ಹೀರಿಕೆಯಾಗುವಾಗ ನೀರು ಮತ್ತು ಸೋಡಿಯಂ ಕೂಡ ಒಳಕ್ಕೆ ಎಳೆದುಕೊಳ್ಳುತ್ತವೆ. ಆ್ಯಂಟಿಬಯಾಟಿಕ್‌ನಿಂದ ಹುದುಗುವಿಕೆ ನಿಂತರೆ ಸಕ್ಕರೆ ಅಂಶಗಳೂ ನೀರೂ ಕರುಳಿನಲ್ಲೇ ಉಳಿದು ಮಲ ತೆಳ್ಳಗಾಗುತ್ತದೆ. ಕೋರ್ಸ್ ನಡುವೆ ಬರುವ ಸಾದಾ ಭೇದಿಗೆ ಇದು ಒಂದು ಮುಖ್ಯ ಕಾರಣ.

ಎರಡನೆಯದು ಕಾವಲು. ಕರುಳಿನಲ್ಲಿ ನೆಲೆಯೂರಿದ ಜಾತಿಗಳು ಜಾಗವನ್ನೂ ಆಹಾರವನ್ನೂ ಹಿಡಿದಿಟ್ಟುಕೊಂಡು ಹೊರಗಿನಿಂದ ಬಂದವಕ್ಕೆ ಎಡೆ ಕೊಡುವುದಿಲ್ಲ. ಕೆಲವು ಜಾತಿಗಳು ಪಿತ್ತದ ಆಮ್ಲಗಳನ್ನು ಮಾರ್ಪಡಿಸಿ ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸೀಲ್ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತವೆ. ವೈದ್ಯರ ಬಾಯಲ್ಲಿ ಇದರ ಹೆಸರು ಸಿ ಡಿಫ್. ಈ ಲೇಖನದಲ್ಲಿ ಮತ್ತೆ ಬರುತ್ತದೆ.

ಮೂರನೆಯದು, ವಿಟಮಿನ್ ಕೆ ಮತ್ತು ಕೆಲವು ಬಿ ವಿಟಮಿನ್‌ಗಳ ತಯಾರಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಇದು ಬರೀ ಪುಸ್ತಕದ ವಿಷಯವಲ್ಲ. ಆ್ಯಂಟಿಬಯಾಟಿಕ್ ಜೊತೆಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಅಳತೆ) ಏರಿ ರಕ್ತಸ್ರಾವ ಆಗಬಹುದು. ಔಷಧ ಶುರು ಮಾಡುವಾಗಲೇ ವೈದ್ಯರಿಗೆ ಹೇಳಿ, ಕೆಲವೇ ದಿನಗಳಲ್ಲಿ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು.

ಮಾತ್ರೆ ಶುರು ಮಾಡುವ ಮುಂಚೆ

ಕರುಳಿನ ಬ್ಯಾಕ್ಟೀರಿಯಾಕ್ಕೆ ಎಲ್ಲಕ್ಕಿಂತ ದೊಡ್ಡ ಉಪಕಾರ ಆಗುವುದು ಈ ಹಂತದಲ್ಲಿ. ನೆಗಡಿ, ಫ್ಲೂ, ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬರುವಂಥವು. ನೀರಾಗಿ ಹೋಗುವ ಭೇದಿಯೂ ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಇವಕ್ಕೆ ಆ್ಯಂಟಿಬಯಾಟಿಕ್ ಏನೂ ಮಾಡದು, ಕರುಳಿಗೆ ನಷ್ಟ ಮಾತ್ರ ಖಾತರಿ. ಮೆಡಿಕಲ್ ಶಾಪ್‌ನಲ್ಲಿ "ಜ್ವರಕ್ಕೆ ಪವರ್ ಜಾಸ್ತಿ ಇರೋದು ಕೊಡಿ" ಎಂದು ಕೇಳಿ ತರುವ ಅಭ್ಯಾಸ ಬಿಡಲೇಬೇಕು. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ, ಕೊಳ್ಳಬಾರದ ಔಷಧ. ಕಳೆದ ಸಲ ಉಳಿದ ನಾಲ್ಕು ಮಾತ್ರೆಗಳನ್ನು ಈ ಸಲಕ್ಕೆ ಬಳಸುವುದೂ ಅಷ್ಟೇ ತಪ್ಪು.

ವೈದ್ಯರ ಎದುರು ಕೂತಾಗ ಕೇಳಬೇಕಾದ ಪ್ರಶ್ನೆಗಳಿವು. ಇದು ಬ್ಯಾಕ್ಟೀರಿಯಾ ಸೋಂಕೇ, ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬಹುದೇ? ಎಷ್ಟು ದಿನ? ಇದಕ್ಕಿಂತ ಕಡಿಮೆ ಜಾತಿಗಳ ಮೇಲೆ ಕೆಲಸ ಮಾಡುವ ಔಷಧ ಸಾಕಾಗುತ್ತದೆಯೇ? ಕ್ಲಿಂಡಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಗುಂಪು, ಸೆಫಿಕ್ಸಿಮ್‌ನಂಥ ಸೆಫಲೋಸ್ಪೋರಿನ್‌ಗಳು, ಆಸ್ಪತ್ರೆಯಲ್ಲಿ ಕೊಡುವ ಕಾರ್ಬಪೆನೆಮ್‌ಗಳು ಸಿ ಡಿಫ್ ಸೋಂಕಿಗೆ ಹೆಚ್ಚು ದಾರಿ ಮಾಡುವಂಥವು. ಹಿಂದೆ ಆ್ಯಂಟಿಬಯಾಟಿಕ್‌ನಿಂದ ಜೋರು ಭೇದಿ ಆಗಿದ್ದರೆ, ವಯಸ್ಸು 65 ದಾಟಿದ್ದರೆ, ಇತ್ತೀಚೆಗೆ ಆಸ್ಪತ್ರೆಯಲ್ಲಿ ಇದ್ದು ಬಂದಿದ್ದರೆ ಕೇಳುವವರೆಗೆ ಕಾಯದೆ ನೀವೇ ಹೇಳಿ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕು: ಜೊತೆಗೆ ಬರೆದ "ಗ್ಯಾಸ್ ಮಾತ್ರೆ" ನನಗೆ ಬೇಕೇ? ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಜಠರದ ಆಮ್ಲ ತಗ್ಗಿಸುತ್ತವೆ. ಆಮ್ಲ ತಗ್ಗಿದರೆ ಬಾಯಿಯಿಂದ ಹೋದ ಸೂಕ್ಷ್ಮಜೀವಿಗಳು ಸಾಯದೆ ಕರುಳು ಮುಟ್ಟುತ್ತವೆ, ಕರುಳಿನ ಸೋಂಕಿನ ಅಪಾಯ ಹೆಚ್ಚುತ್ತದೆ. ಪ್ರತಿ ಆ್ಯಂಟಿಬಯಾಟಿಕ್ ಜೊತೆ ಇದು ಇರಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ ಅಲ್ಸರ್ ಇರುವವರು, ಆಸ್ಪಿರಿನ್ ಅಥವಾ ನೋವಿನ ಮಾತ್ರೆ ದಿನವೂ ನುಂಗುವವರು ತಾವಾಗಿ ನಿಲ್ಲಿಸಬಾರದು. ಅವರಿಗೆ ಇದು ಹೊಟ್ಟೆಯೊಳಗಿನ ರಕ್ತಸ್ರಾವ ತಡೆಯುವ ಔಷಧ.

ಕೋರ್ಸ್ ನಡೆಯುವ ದಿನಗಳು

ಬರೆದಷ್ಟು ದಿನ, ಬರೆದ ಹೊತ್ತಿಗೆ. ಎರಡೇ ದಿನಕ್ಕೆ ಆರಾಮಾಯಿತೆಂದು ನಿಲ್ಲಿಸುವುದೂ ಬೇಡ, "ಇನ್ನೆರಡು ದಿನ ಇರಲಿ" ಎಂದು ಮುಂದುವರಿಸುವುದೂ ಬೇಡ. ದಿನ ಹೆಚ್ಚಿದಷ್ಟೂ ಕರುಳಿನ ನಷ್ಟ ಹೆಚ್ಚು.

ಊಟಕ್ಕೂ ಮಾತ್ರೆಗೂ ಇರುವ ಸಂಬಂಧ ಒಂದೊಂದು ಔಷಧಕ್ಕೆ ಒಂದೊಂದು ಥರ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಮಾತ್ರೆಯನ್ನು ಊಟದ ಮೊದಲ ತುತ್ತಿನ ಜೊತೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಭೇದಿ ಹೆಚ್ಚು. ಡಾಕ್ಸಿಸೈಕ್ಲಿನ್‌ಗೆ ಒಂದು ದೊಡ್ಡ ಲೋಟ ನೀರು ಬೇಕು, ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ. ನಾರ್ಫ್ಲಾಕ್ಸಾಸಿನ್ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ.

ಇಲ್ಲೊಂದು ತಪ್ಪು ಮನೆ ಮನೆಯಲ್ಲಿ ಆಗುತ್ತದೆ. ಹೊಟ್ಟೆಗೆ ತಂಪಾಗಲಿ ಎಂದು ಮಾತ್ರೆಯನ್ನು ಮೊಸರನ್ನದ ಜೊತೆಗೋ ಹಾಲಿನ ಜೊತೆಗೋ ನುಂಗಿಸುತ್ತಾರೆ. ಹಾಲು ಮೊಸರಿನ ಕ್ಯಾಲ್ಸಿಯಂ ಸಿಪ್ರೊಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ಗಳಿಗೆ ಅಂಟಿಕೊಂಡು ಔಷಧ ರಕ್ತಕ್ಕೆ ಸೇರದಂತೆ ಮಾಡುತ್ತದೆ. ಸೋಂಕು ವಾಸಿಯಾಗುವುದಿಲ್ಲ, ಕರುಳಿನಲ್ಲಿ ಉಳಿದ ಔಷಧ ಅಲ್ಲಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಲೇ ಇರುತ್ತದೆ. ಎರಡೂ ಕಡೆ ನಷ್ಟ. ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಮಾತ್ರೆ ಮತ್ತು ಆ್ಯಂಟಾಸಿಡ್‌ಗಳದ್ದೂ ಇದೇ ಕಥೆ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಇವುಗಳಿಗಿಂತ 2 ಗಂಟೆ ಮುಂಚೆ ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಬೆಳಗ್ಗೆ 8 ಮತ್ತು ರಾತ್ರಿ 8ಕ್ಕೆ ಮಾತ್ರೆ ಇದ್ದರೆ ಮೊಸರು ಮಜ್ಜಿಗೆಯನ್ನು ಮಧ್ಯಾಹ್ನದ ಊಟಕ್ಕೆ ಮಾತ್ರ ಇಟ್ಟುಕೊಳ್ಳಿ, ಕ್ಯಾಲ್ಸಿಯಂ ಮಾತ್ರೆಯನ್ನೂ ಆಗಲೇ ನುಂಗಿ. ಅಮಾಕ್ಸಿಸಿಲಿನ್‌ಗೆ ಹಾಲಿನ ಈ ತೊಂದರೆ ಇಲ್ಲ. ಆದರೂ ಮೊಸರಿನ ಬ್ಯಾಕ್ಟೀರಿಯಾ ಜೀವಂತ ಉಳಿಯಲಿ ಎಂದರೆ ಮಾತ್ರೆಗೂ ಮೊಸರಿಗೂ ಎರಡು ಗಂಟೆ ಅಂತರ ಒಳ್ಳೆಯದು.

ಆಹಾರ ಸರಳವಾಗಿರಲಿ, ಆದರೆ ಬರೀ ಬ್ರೆಡ್ಡು, ಬಿಸ್ಕತ್ತು, ಬಿಳಿ ಅನ್ನದಲ್ಲಿ ವಾರ ಕಳೆಯಬೇಡಿ. ಉಳಿದ ಬ್ಯಾಕ್ಟೀರಿಯಾಕ್ಕೂ ಊಟ ಬೇಕು. ರಾಗಿ ಗಂಜಿ, ಹೆಸರುಬೇಳೆ ಕಿಚಡಿ, ಬೇಯಿಸಿದ ಹೀರೆಕಾಯಿ, ಸೋರೆಕಾಯಿ, ಕ್ಯಾರೆಟ್, ಮಾಗಿದ ಬಾಳೆಹಣ್ಣು ಹೊಟ್ಟೆ ಕೆಟ್ಟಾಗಲೂ ಹಿಡಿಯುತ್ತವೆ.

ಪ್ರೊಬಯಾಟಿಕ್ ಕ್ಯಾಪ್ಸೂಲ್: ಯಾರಿಗೆ, ಎಷ್ಟು ದಿನ

ಈಗ ಆ್ಯಂಟಿಬಯಾಟಿಕ್ ಚೀಟಿಯ ಕೊನೆಯಲ್ಲಿ ಪ್ರೊಬಯಾಟಿಕ್, ಅಂದರೆ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಜೀವಂತ ತುಂಬಿದ ಔಷಧ, ಇದ್ದೇ ಇರುತ್ತದೆ. ಇದರಲ್ಲಿ ಸತ್ಯವೂ ಇದೆ, ಉತ್ಪ್ರೇಕ್ಷೆಯೂ ಇದೆ.

ಸತ್ಯ ಏನೆಂದರೆ, ಕೋರ್ಸ್ ಸಮಯದ ಭೇದಿಯನ್ನು ಕೆಲವು ತಳಿಗಳು ಕಡಿಮೆ ಮಾಡುತ್ತವೆ. ಮಕ್ಕಳ ಮೇಲೆ ನಡೆದ 33 ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕಾಕ್ರೇನ್ ವಿಮರ್ಶೆಯಲ್ಲಿ ಪ್ರೊಬಯಾಟಿಕ್ ಪಡೆದವರಲ್ಲಿ 100ಕ್ಕೆ 8 ಮಕ್ಕಳಿಗೆ, ಪಡೆಯದವರಲ್ಲಿ 100ಕ್ಕೆ 19 ಮಕ್ಕಳಿಗೆ ಭೇದಿ ಆಗಿತ್ತು. ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ಮತ್ತು ಸ್ಯಾಕರೊಮೈಸೀಸ್ ಬೌಲಾರ್ಡಿ ಎಂಬ ಎರಡಕ್ಕೆ ಆಧಾರ ಹೆಚ್ಚು. ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಹಾಗಾಗಿ ಆ್ಯಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ. ಲೇಬಲ್ ಮೇಲೆ ತಳಿಯ ಪೂರ್ತಿ ಹೆಸರು, ಸಿಎಫ್‌ಯು (ಜೀವಂತ ಸೂಕ್ಷ್ಮಜೀವಿಗಳ ಎಣಿಕೆ) ಸಂಖ್ಯೆ, ಮುಗಿಯುವ ದಿನಾಂಕ ಇರಲೇಬೇಕು. ಮಕ್ಕಳಲ್ಲಿ ಹೆಚ್ಚು ಫಲ ಕಂಡದ್ದು ದಿನಕ್ಕೆ 500 ಕೋಟಿ ಸಿಎಫ್‌ಯು ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಶುರು ಮಾಡುವುದಾದರೆ ಆ್ಯಂಟಿಬಯಾಟಿಕ್‌ನ ಮೊದಲ ಎರಡು ದಿನದೊಳಗೆ ಶುರು ಮಾಡಿ. ಭೇದಿ ಬಂದ ಮೇಲೆ ಓಡಿ ತಂದರೆ ಅಷ್ಟು ಲಾಭವಿಲ್ಲ.

ಉತ್ಪ್ರೇಕ್ಷೆ ಇರುವುದು "ಹೋದ ಬ್ಯಾಕ್ಟೀರಿಯಾವನ್ನು ಇದು ತುಂಬಿಕೊಡುತ್ತದೆ" ಎಂಬ ಮಾತಿನಲ್ಲಿ. ಕ್ಯಾಪ್ಸೂಲಿನಲ್ಲಿರುವ ಕೆಲವು ತಳಿಗಳು ಕರುಳಿನಲ್ಲಿದ್ದ ನೂರಾರು ಜಾತಿಗಳಲ್ಲ. ಹೆಚ್ಚಿನವು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹೊರಹೋಗುತ್ತವೆ. 2018ರಲ್ಲಿ ವೈಜ್‌ಮನ್ ಸಂಸ್ಥೆಯಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಆ್ಯಂಟಿಬಯಾಟಿಕ್ ಮುಗಿಸಿದ ಆರೋಗ್ಯವಂತರಿಗೆ 11 ತಳಿಗಳ ಪ್ರೊಬಯಾಟಿಕ್ ಕೊಟ್ಟಾಗ ಅವರ ಸ್ವಂತ ಬ್ಯಾಕ್ಟೀರಿಯಾ ಮರಳುವುದು, ಏನನ್ನೂ ತೆಗೆದುಕೊಳ್ಳದವರಿಗಿಂತ ತಡವಾಯಿತು. ಒಂದು ಸಣ್ಣ ಅಧ್ಯಯನವೇ ಕೊನೆಯ ಮಾತಲ್ಲ, ಆದರೂ ತಿಂಗಳುಗಟ್ಟಲೆ ಕ್ಯಾಪ್ಸೂಲ್ ನುಂಗುವುದಕ್ಕೆ ಆಧಾರ ಕಾಣುವುದಿಲ್ಲ. ಕೋರ್ಸ್ ಇರುವಷ್ಟು ದಿನ ಮತ್ತು ಅದರ ನಂತರ ಒಂದು ವಾರ ಸಾಕು. ಹೊಟ್ಟೆ ಕೆಡದೆ ಇರುವ ಆರೋಗ್ಯವಂತ ವಯಸ್ಕರಿಗೆ ಅದೂ ಬೇಕಿಲ್ಲ.

ಕೀಮೋಥೆರಪಿಯಲ್ಲಿ ಇರುವವರು, ಅಂಗಾಂಗ ಕಸಿ ಆದವರು, ಐಸಿಯುನಲ್ಲಿ ಇರುವವರು, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರು, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳು ವೈದ್ಯರ ಸೂಚನೆ ಇಲ್ಲದೆ ಪ್ರೊಬಯಾಟಿಕ್ ತೆಗೆದುಕೊಳ್ಳಲೇಬಾರದು. ಬೇರೆಯವರಿಗೆ ನಿರಪಾಯವಾದ ಜೀವಿ ಇವರ ರಕ್ತ ಸೇರಿ ಸೋಂಕು ಮಾಡಿದ ಪ್ರಕರಣಗಳಿವೆ.

ಮೊಸರು: ಜೀವಂತ ಇರುವುದು, ಇಲ್ಲದಿರುವುದು

ಮನೆಯ ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಧಾರಾಳವಾಗಿವೆ. ಮನೆಯಿಂದ ಮನೆಗೆ ತಳಿಗಳು ಬೇರೆಯಾದ್ದರಿಂದ ಇದನ್ನು ಔಷಧವೆಂದು ಅಳೆದು ಹೇಳಲಾಗದು. ಆದರೆ ದಿನದ ಆಹಾರವಾಗಿ ಇದಕ್ಕಿಂತ ಅಗ್ಗದ, ಸುಲಭದ ಹುದುಗಿಸಿದ ಪದಾರ್ಥ ನಮಗೆ ಇನ್ನೊಂದಿಲ್ಲ.

ಒಂದು ಲೀಟರ್ ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿ, ಸಣ್ಣ ಉರಿಯಲ್ಲಿ ಇನ್ನೈದು ನಿಮಿಷ ಬಿಡಿ. 40ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಆರಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಬೆರಳು ಅದ್ದಿದಾಗ ಬೆಚ್ಚಗೆ ಅನಿಸಬೇಕು, ಸುಡಬಾರದು. ತಾಜಾ ಮೊಸರಿನ ಹೆಪ್ಪು ಒಂದು ಟೀ ಚಮಚ ಸಾಕು, ಚಳಿಗಾಲದಲ್ಲಿ ಎರಡು. ಚೆನ್ನಾಗಿ ಕಲಸಿ, ಮುಚ್ಚಿ, ಅಲುಗಾಡಿಸದೆ ಇಡಿ. ಬೇಸಿಗೆಯಲ್ಲಿ ಐದಾರು ಗಂಟೆ, ಬೆಂಗಳೂರು ಮಲೆನಾಡಿನ ಡಿಸೆಂಬರ್ ಚಳಿಯಲ್ಲಿ ಹತ್ತು ಹನ್ನೆರಡು ಗಂಟೆ. ಹೆಪ್ಪಾದ ಕೂಡಲೇ ಫ್ರಿಜ್ಜಿಗೆ.

ಕೆಡುವುದು ಹೀಗೆ. ಹಾಲು ತೀರಾ ಬಿಸಿ ಇದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತವೆ, ಬೆಳಗ್ಗೆ ಹಾಲು ಹಾಲಾಗಿಯೇ ಇರುತ್ತದೆ. ಹೆಪ್ಪು ಜಾಸ್ತಿಯಾದರೆ ಬೇಗ ಹುಳಿಯೇರಿ ನೀರು ಬಿಡುತ್ತದೆ. ಚಮಚ ಎತ್ತಿದಾಗ ಲೋಳೆಯಾಗಿ ಎಳೆ ಬಂದರೆ ಅಂಟು ಮಾಡುವ ತಳಿ ಹೆಪ್ಪಿನಲ್ಲಿ ಮೇಲುಗೈ ಪಡೆದಿದೆ ಎಂದರ್ಥ. ಬೇರೆ ಮನೆಯ ಹೆಪ್ಪು ತನ್ನಿ. ಗುಲಾಬಿ, ಹಸಿರು ಕಲೆ ಕಂಡರೆ ಪೂರ್ತಿ ಚೆಲ್ಲಿ. ಎಲ್ಲ ಸರಿಯಿದ್ದೂ ಹಾಲು ಹೆಪ್ಪಾಗದಿದ್ದರೆ ಹಾಲಿನಲ್ಲೇ ಆ್ಯಂಟಿಬಯಾಟಿಕ್ ಶೇಷ ಇರುವ ಸಾಧ್ಯತೆ ಉಂಟು. ಕೆಚ್ಚಲು ಬಾವಿಗೆ ಇಂಜೆಕ್ಷನ್ ಪಡೆದ ಹಸುವಿನ ಹಾಲನ್ನು ಹೇಳಿದಷ್ಟು ದಿನ ಬಿಡದೆ ಮಾರಿದರೆ ಹೀಗಾಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾವನ್ನು ಕೊಂದ ಆ ಶೇಷ ಕುಡಿಯುವವರ ಕರುಳಿಗೂ ಹೋಗುತ್ತದೆ. ಎಮ್ಮೆ, ಹಸು ಕಟ್ಟಿದವರು ಆ ಅವಧಿಯನ್ನು ಖಂಡಿತ ಪಾಲಿಸಬೇಕು.

ಹುದುಗಿಸಿದ್ದೆಲ್ಲ ಜೀವಂತವಲ್ಲ. ಇಡ್ಲಿ ಹಿಟ್ಟು ಉಬ್ಬಿಸಿದ ಬ್ಯಾಕ್ಟೀರಿಯಾ ಹಬೆಯಲ್ಲಿ ಸಾಯುತ್ತವೆ. ಮಜ್ಜಿಗೆಹುಳಿ ಕುದಿದರೆ ಮುಗಿಯಿತು. ಹಾಗೆಂದು ಅವು ಕೆಟ್ಟ ಆಹಾರವಲ್ಲ. ಇಡ್ಲಿ ಹೊಟ್ಟೆಗೆ ಹಗುರ, ಆದರೆ ಜೀವಂತ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಬಾರದು. ಸೊಪ್ಪು ಬಾಡಿಸಿ, ಆರಿಸಿ, ರುಬ್ಬಿ ಮಜ್ಜಿಗೆಗೆ ಬೆರೆಸುವ ಮಲೆನಾಡಿನ ತಂಬುಳಿ ಲೆಕ್ಕಕ್ಕೆ ಬರುತ್ತದೆ: ಮಜ್ಜಿಗೆ ಕಾಯುವುದಿಲ್ಲ, ಜೊತೆಗೆ ಸೊಪ್ಪಿನ ನಾರೂ ಸಿಗುತ್ತದೆ. ರಾಗಿ ಅಂಬಲಿಯೂ ಹಾಗೆಯೇ, ಬೇಯಿಸಿದ ರಾಗಿ ಪೂರ್ತಿ ಆರಿದ ಮೇಲೆ ಮಜ್ಜಿಗೆ ಸೇರಿಸಿದರೆ.

ಮುಗಿದ ಮೇಲೆ: ಮೊದಲ ಆರು ವಾರ

ಡೆನ್ಮಾರ್ಕಿನಲ್ಲಿ 12 ಮಂದಿ ಆರೋಗ್ಯವಂತ ಗಂಡಸರಿಗೆ ನಾಲ್ಕು ದಿನ ಮೂರು ಪ್ರಬಲ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದೂವರೆ ತಿಂಗಳಲ್ಲಿ ಬ್ಯಾಕ್ಟೀರಿಯಾ ಸಮುದಾಯ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂತು. ಆದರೆ ಮುಂಚೆ ಎಲ್ಲರಲ್ಲೂ ಇದ್ದ ಒಂಬತ್ತು ಜಾತಿಗಳು ಆರು ತಿಂಗಳಾದರೂ ಹೆಚ್ಚಿನವರಲ್ಲಿ ಕಾಣಲಿಲ್ಲ. ಮರಳಿಕೆ ತಾನಾಗಿ ಆಗುತ್ತದೆ, ಪೂರ್ತಿ ಆಗುತ್ತದೆಂಬ ಖಾತರಿ ಇಲ್ಲ. ವರ್ಷಕ್ಕೆ ನಾಲ್ಕೈದು ಕೋರ್ಸ್ ನುಂಗುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಮರಳಿದವು ಬೆಳೆಯಲು ಬೇಕಾದ್ದು ನಾರು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಪ್ರಮಾಣ ದಿನಕ್ಕೆ ಕನಿಷ್ಠ 25 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಜೋಳದಲ್ಲಿ 10, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಇಡೀ ಹೆಸರುಕಾಳಿನಲ್ಲಿ 17, ಇಡೀ ಕಡಲೆಕಾಳಿನಲ್ಲಿ 25, ಹುರುಳಿಯಲ್ಲಿ 8, ನುಗ್ಗೆಸೊಪ್ಪಿನಲ್ಲಿ 8, ಸೀಬೆಹಣ್ಣಿನಲ್ಲಿ ಎಂಟೂವರೆ. 100 ಗ್ರಾಂ ಹಿಟ್ಟಿನ ಒಂದು ಮುದ್ದೆ, 30 ಗ್ರಾಂ ಹೆಸರುಕಾಳಿನ ಬಸ್ಸಾರು, ಒಂದು ಮಧ್ಯಮ ಸೀಬೆಹಣ್ಣು ಸೇರಿದರೆ ಆ ದಿನದ ಕನಿಷ್ಠ ಲೆಕ್ಕ ಮುಗಿಯುತ್ತದೆ. ಮೂರು ಹೊತ್ತೂ ಬಿಳಿ ಅನ್ನ, ತಿಳಿಸಾರು ಆದರೆ ಅದರ ಅರ್ಧವೂ ಕಷ್ಟ. ಬೇಳೆಗಿಂತ ಸಿಪ್ಪೆಯ ಕಾಳು, ರಸಕ್ಕಿಂತ ಹಣ್ಣು.

ಆದರೆ ಒಮ್ಮೆಲೇ ಏರಿಸಬೇಡಿ. ಹುದುಗಿಸುವ ಬ್ಯಾಕ್ಟೀರಿಯಾ ಕಡಿಮೆ ಇರುವ ಹೊತ್ತಿನಲ್ಲಿ ಒಂದೇ ದಿನ ಕಡಲೆಕಾಳು ಉಸಲಿ, ಮೊಳಕೆಕಾಳು, ಹಸಿ ತರಕಾರಿ ತಿಂದರೆ ಹೊಟ್ಟೆಯುಬ್ಬರ ಖಚಿತ. "ನನಗೆ ಕಾಳು ಆಗೋದೇ ಇಲ್ಲ" ಎಂದು ಬಿಟ್ಟುಬಿಡುವವರಲ್ಲಿ ಅನೇಕರು ಎಡವಿದ್ದು ಇಲ್ಲೇ. ಮೊದಲ ವಾರ ರಾಗಿ ಗಂಜಿ, ಬೇಯಿಸಿದ ತರಕಾರಿ, ಹೆಸರುಬೇಳೆ. ಎರಡನೇ ವಾರ ಮುದ್ದೆ ಅಥವಾ ಜೋಳದ ರೊಟ್ಟಿ, ಅರ್ಧ ಸೌಟು ಕಾಳು. ಮೂರನೇ ವಾರದಿಂದ ಸೊಪ್ಪಿನ ಪಲ್ಯ, ಬಾಳೆದಿಂಡು, ಇಡೀ ಕಾಳು. ವಾರಕ್ಕೆ ಐದು ಗ್ರಾಂ ನಾರಿನಷ್ಟು ಹೆಚ್ಚಿಸುತ್ತ ಹೋದರೆ ಸಾಕು, ನೀರನ್ನೂ ಹೆಚ್ಚಿಸಿ. ಇಲ್ಲದಿದ್ದರೆ ಭೇದಿ ಹೋಗಿ ಮಲಬದ್ಧತೆ ಬರುತ್ತದೆ.

ಕಾಳಿನ ಗ್ಯಾಸಿಗೆ ಕಾರಣ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು. ಎಂಟರಿಂದ ಹನ್ನೆರಡು ಗಂಟೆ ನೆನೆಸಿ ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಇವು ಒಂದಷ್ಟು ಕಡಿಮೆಯಾಗುತ್ತವೆ, ಮೊಳಕೆ ಬರಿಸಿದರೆ ಇನ್ನೂ ಕಡಿಮೆ. ಹಸಿ ಮೊಳಕೆಯಲ್ಲಿ ರೋಗಕಾರಕ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇರುವುದರಿಂದ ಈ ವಾರಗಳಲ್ಲಿ ಹಬೆಯಲ್ಲಿ ಬೇಯಿಸಿಯೇ ತಿನ್ನಿ. ಗರ್ಭಿಣಿಯರು ಯಾವಾಗಲೂ ಹಾಗೆಯೇ.

ಬೇಯಿಸಿ ಆರಿಸಿದ ಅನ್ನದಲ್ಲಿ, ಬಾಳೆಕಾಯಿಯಲ್ಲಿ ನಮ್ಮ ಕಿಣ್ವಗಳಿಗೆ ಬಗ್ಗದ ಪಿಷ್ಟ ಇದ್ದು ಅದೂ ಬ್ಯಾಕ್ಟೀರಿಯಾಕ್ಕೆ ಆಹಾರ. ತಂಗಳನ್ನಕ್ಕೆ ಈಗ ಸಿಕ್ಕಿರುವ ಮರ್ಯಾದೆಗೆ ಇದೂ ಒಂದು ಕಾರಣ. ಎಚ್ಚರ ಒಂದೇ: ಬೆಚ್ಚಗೆ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಬೆಳೆದು ವಿಷ ಮಾಡುತ್ತದೆ, ಮತ್ತೆ ಬಿಸಿ ಮಾಡಿದರೂ ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಹೊಟ್ಟೆ ಸುಧಾರಿಸುತ್ತಿರುವ ದಿನಗಳಲ್ಲಿ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಮೊಸರು ಕಲಸಿ ತಿನ್ನಿ.

ನಾರು ಸಾಕೇ, ಹುದುಗಿಸಿದ್ದೂ ಬೇಕೇ? ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ 36 ವಯಸ್ಕರಲ್ಲಿ ಹತ್ತು ವಾರ ಇದನ್ನೇ ಹೋಲಿಸಿ 2021ರಲ್ಲಿ ಫಲಿತಾಂಶ ಹೇಳಿತು. ಮೊಸರು, ಕೆಫಿರ್ (ಹುದುಗಿಸಿದ ಹಾಲಿನ ಪಾನೀಯ) ಥರದ ಹುದುಗಿಸಿದ ಆಹಾರ ಹೆಚ್ಚಿಸಿದವರ ಕರುಳಿನಲ್ಲಿ ಜಾತಿಗಳ ವೈವಿಧ್ಯ ಏರಿತು, ಉರಿಯೂತದ ಸೂಚಕಗಳು ಇಳಿದವು. ಬರೀ ನಾರು ಹೆಚ್ಚಿಸಿದವರಲ್ಲಿ ಆ ಅವಧಿಯಲ್ಲಿ ವೈವಿಧ್ಯ ಏರಲಿಲ್ಲ. ಹಾಗಾಗಿ ಎರಡೂ ಇರಲಿ: ಮುದ್ದೆ ಸೊಪ್ಪುಸಾರಿನ ಊಟಕ್ಕೆ ಕೊನೆಗೊಂದು ಲೋಟ ಮಜ್ಜಿಗೆ.

ಭೇದಿ ಶುರುವಾದರೆ

ಮೊದಲ ಕೆಲಸ ನೀರು, ಲವಣ. ಒಆರ್‌ಎಸ್ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರುವುದನ್ನೇ ಕೊಳ್ಳಿ. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕುವುದು ಅಪಾಯ, ಗಟ್ಟಿ ದ್ರಾವಣ ಭೇದಿಯನ್ನು ಹೆಚ್ಚಿಸುತ್ತದೆ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ ಚಮಚದಲ್ಲಿ, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ, ವಯಸ್ಕರಿಗೆ ಬೇಕಾದಷ್ಟು. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪೊಟ್ಟಣದ ಹೆಸರಿನಂತೆ ಕಾಣುವ ಸಿಹಿ ಪಾನೀಯದ ಡಬ್ಬಿಗಳು ಇದಲ್ಲ. ಆ ಸೂತ್ರ ಇಲ್ಲದ ಪಾನೀಯಗಳ ಮೇಲೆ ಒಆರ್‌ಎಸ್ ಎಂದು ಬರೆಯುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಮಕ್ಕಳಿಗೆ ವೈದ್ಯರು ಜಿಂಕ್ ಕೊಡುತ್ತಾರೆ: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10, ಹತ್ತರಿಂದ ಹದಿನಾಲ್ಕು ದಿನ. ಎದೆಹಾಲು ನಿಲ್ಲಿಸಬಾರದು, ಅದರಲ್ಲಿರುವ ವಿಶೇಷ ಸಕ್ಕರೆಗಳೇ ಶಿಶುವಿನ ಬೈಫಿಡೊಬ್ಯಾಕ್ಟೀರಿಯಾಕ್ಕೆ ಊಟ.

ದಿನಕ್ಕೆ ಒಂದೆರಡು ಸಲ ತೆಳ್ಳಗೆ, ಜ್ವರವಿಲ್ಲ, ರಕ್ತವಿಲ್ಲ, ಮಾತ್ರೆ ನಿಂತಮೇಲೆ ಕಡಿಮೆಯಾಯಿತು ಎಂದರೆ ಅದು ಸಾದಾ ಭೇದಿ. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋಗುವುದು, ಜ್ವರ, ಹೊಟ್ಟೆ ಹಿಂಡಿದಂತೆ ನೋವು, ಮಲದಲ್ಲಿ ರಕ್ತ ಅಥವಾ ಲೋಳೆ ಇದ್ದರೆ ಸಿ ಡಿಫ್ ಅನುಮಾನ ಪಡಬೇಕು. ಇದು ಕೋರ್ಸ್ ಮುಗಿದ ಮೂರು ತಿಂಗಳವರೆಗೂ ಬರಬಹುದು, ಹಾಗಾಗಿ ಎರಡು ತಿಂಗಳ ಹಿಂದಿನ ಆ್ಯಂಟಿಬಯಾಟಿಕ್ ಬಗ್ಗೆಯೂ ವೈದ್ಯರಿಗೆ ಹೇಳಿ. ಭೇದಿ ನಿಲ್ಲಿಸುವ ಲೊಪೆರಮೈಡ್ ಅನ್ನು ಈ ಲಕ್ಷಣಗಳಿದ್ದಾಗ ನುಂಗಬೇಡಿ. ವಿಷ ಒಳಗೇ ಉಳಿದು ದೊಡ್ಡ ಕರುಳು ಊದಿಕೊಳ್ಳಬಹುದು.

ಪರೀಕ್ಷೆಗೆ ಕೊಡಬೇಕಾದ್ದು ತೆಳ್ಳನೆಯ ಮಲವನ್ನೇ. ಗಟ್ಟಿ ಮಲದಲ್ಲಿ ಪಾಸಿಟಿವ್ ಬಂದರೆ ಅರ್ಥವಿಲ್ಲ, ರೋಗವಿಲ್ಲದೆ ಈ ಬ್ಯಾಕ್ಟೀರಿಯಾ ಇಟ್ಟುಕೊಂಡವರು ಬಹಳ. ಒಂದು ವರ್ಷದೊಳಗಿನ ಶಿಶುಗಳಲ್ಲಂತೂ ಇದು ಸಾಮಾನ್ಯ, ಅವರಿಗೆ ಸಾಧಾರಣವಾಗಿ ಈ ಪರೀಕ್ಷೆ ಮಾಡುವುದಿಲ್ಲ. ಸೋಂಕು ಖಚಿತವಾದರೆ ಬಾಯಿಯ ಮೂಲಕ ವ್ಯಾಂಕೊಮೈಸಿನ್ 125 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ ಹತ್ತು ದಿನ, ಅಥವಾ ಫಿಡಾಕ್ಸೊಮೈಸಿನ್. ವ್ಯಾಂಕೊಮೈಸಿನ್ ರಕ್ತನಾಳಕ್ಕೆ ಕೊಟ್ಟರೆ ಇದಕ್ಕೆ ಕೆಲಸ ಮಾಡದು.

ಮನೆಯಲ್ಲಿ ಹರಡದಂತೆ ನೋಡಿಕೊಳ್ಳುವುದು ರೋಗಿಯ ಆರೈಕೆಯಷ್ಟೇ ಮುಖ್ಯ. ಸಿ ಡಿಫ್ ಬೀಜಕಣಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದೊಂದೇ ದಾರಿ. ಶೌಚಾಲಯದ ಸೀಟು, ನಲ್ಲಿ, ಚಿಲಕವನ್ನು ಶೇಕಡ 5ರ ಬ್ಲೀಚ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಒರೆಸಿ ಹತ್ತು ನಿಮಿಷ ಬಿಡಿ. ಆ್ಯಸಿಡ್ ಕ್ಲೀನರ್ ಜೊತೆ ಬ್ಲೀಚ್ ಬೆರೆಸಬಾರದು, ವಿಷಾನಿಲ ಬರುತ್ತದೆ.

ವಾಸಿಯಾದವರಲ್ಲಿ ಐವರಲ್ಲಿ ಒಬ್ಬರಿಗಾದರೂ ಇದು ಮರುಕಳಿಸುತ್ತದೆ. ಮತ್ತೆ ಮತ್ತೆ ಮರುಕಳಿಸಿದವರಿಗೆ ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾವನ್ನು ಕರುಳಿಗೆ ಹಾಕುವ ಮಲಕಸಿ ಇದೆ. 2013ರಲ್ಲಿ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಒಂದೇ ಕಸಿಗೆ 16 ಜನರಲ್ಲಿ 13 ಮಂದಿ ಗುಣವಾದರು. ವ್ಯಾಂಕೊಮೈಸಿನ್ ಮಾತ್ರ ಪಡೆದ 13ರಲ್ಲಿ 4. ಕರುಳಿನ ಬ್ಯಾಕ್ಟೀರಿಯಾ ರೋಗ ತಡೆಯುತ್ತವೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಆದರೆ ದಾನಿಯ ಪರೀಕ್ಷೆ ಬಿಗಿಯಾಗಿರಲೇಬೇಕು: ಔಷಧಕ್ಕೆ ಬಗ್ಗದ ಇ ಕೋಲಿ ಇದ್ದ ಮಲದಿಂದ ರೋಗಿಯೊಬ್ಬರು ಸತ್ತ ಸುದ್ದಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಹೊರಹಾಕಿತು. ಮನೆಯಲ್ಲಿ ಮಾಡಿಕೊಳ್ಳುವ ವಿಡಿಯೊಗಳ ಹತ್ತಿರವೂ ಹೋಗಬೇಡಿ.

ಹೇಳಿಕೆಗಳಲ್ಲಿ ಯಾವುದನ್ನು ನಂಬಬೇಕು

ಬೊಜ್ಜು, ಸಕ್ಕರೆ ಕಾಯಿಲೆ, ಖಿನ್ನತೆ ಇರುವವರ ಕರುಳಿನ ಬ್ಯಾಕ್ಟೀರಿಯಾ ಬೇರೆ ಥರ ಇರುತ್ತವೆ ಎಂಬುದು ನಿಜ. ರೋಗದಿಂದ ಅವು ಬದಲಾದವೋ, ಅವು ಬದಲಾಗಿ ರೋಗ ಬಂತೋ, ಅಥವಾ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನಂಥ ಮಾತ್ರೆಯಿಂದ ಬದಲಾದವೋ ಎಂಬುದನ್ನು ಬಿಡಿಸುವುದು ಸುಲಭವಲ್ಲ. ಮಲ ಕಳಿಸಿದರೆ ಬ್ಯಾಕ್ಟೀರಿಯಾ ಪಟ್ಟಿ ಕೊಟ್ಟು ಆಹಾರ ಸೂಚಿಸುವ ದುಬಾರಿ ಕಿಟ್‌ಗಳಿಗೆ ಇಷ್ಟೇ ಇದ್ದರೆ ಸರಿ ಎಂಬ ಒಪ್ಪಿತ ಅಳತೆಯೇ ಇಲ್ಲ. ಆ ಹಣಕ್ಕೆ ಕಾಳು, ಸೊಪ್ಪು, ಹಣ್ಣು ತನ್ನಿ.

ಒಂದು ಬ್ಯಾಕ್ಟೀರಿಯಾದ ವಿಷಯದಲ್ಲಿ ಮಾತ್ರ ಕಾರಣ ಸ್ಪಷ್ಟ: ಜಠರದ ಹೆಲಿಕೊಬ್ಯಾಕ್ಟರ್ ಪೈಲೋರಿ. ಅಲ್ಸರ್‌ಗೆ ಇದು ಕಾರಣವೆಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಬಂತು. ಜಠರದ ಕ್ಯಾನ್ಸರಿಗೂ ಇದು ಕಾರಣವಾಗುವುದರಿಂದ ಇಲ್ಲಿ ಎರಡು ಮೂರು ಆ್ಯಂಟಿಬಯಾಟಿಕ್ ಸೇರಿದ 14 ದಿನದ ಕೋರ್ಸನ್ನು ಒಂದು ಹೊತ್ತೂ ತಪ್ಪಿಸಬಾರದು. ಕೋರ್ಸಿನಲ್ಲಿ ಬಿಸ್ಮತ್ ಎಂಬ ಔಷಧ ಇದ್ದರೆ ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಹೋಯಿತೇ ಎಂದು ನೋಡುವ ಉಸಿರಿನ ಪರೀಕ್ಷೆಯನ್ನು ಕೋರ್ಸ್ ಮುಗಿದ ಕನಿಷ್ಠ ನಾಲ್ಕು ವಾರದ ಮೇಲೆ, ಗ್ಯಾಸ್ ಮಾತ್ರೆ ಎರಡು ವಾರ ನಿಲ್ಲಿಸಿ ಮಾಡಿಸಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ಬರಬಹುದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, 45 ದಾಟಿದ ಮೇಲೆ ಹೊಸದಾಗಿ ಬದಲಾದ ಮಲದ ಅಭ್ಯಾಸ, ಇವನ್ನು ಮೊಸರು, ಕ್ಯಾಪ್ಸೂಲಿನಲ್ಲಿ ಸರಿಮಾಡಲು ಹೋಗದೆ ಹೊಟ್ಟೆ ರೋಗದ ತಜ್ಞರ ಬಳಿ ಹೋಗಿ. ಹೋಗುವಾಗ ಒಂದು ಚೀಟಿ ಇರಲಿ: ಕಳೆದ ಆರು ತಿಂಗಳಲ್ಲಿ ನುಂಗಿದ ಪ್ರತಿ ಆ್ಯಂಟಿಬಯಾಟಿಕ್‌ನ ಹೆಸರು, ಶುರುವಾದ ಮುಗಿದ ದಿನಾಂಕ, ಆಗ ಹೊಟ್ಟೆಗೆ ಏನಾಯಿತು ಎಂಬುದು. ಖಾಲಿ ಸ್ಟ್ರಿಪ್‌ಗಳ ಫೋಟೊ ಮೊಬೈಲಿನಲ್ಲಿದ್ದರೂ ಆಯಿತು.